ಮುಟ್ಟಿ, ಮೂಸಿ ಕೇಳುವ ಕಥೆ: ವಿಶೇಷ ಅಗತ್ಯದ ಮಕ್ಕಳಿಗೆ ಬಹು ಇಂದ್ರಿಯ ಕಥನ

ಕಥೆಯ ಪ್ರತಿ ತಿರುವಿಗೂ ಮುಟ್ಟಲು, ಮೂಸಲು, ನೋಡಲು, ಕೇಳಲು ಅಥವಾ ಮೈಯಲ್ಲೇ ಅನುಭವಿಸಲು ಒಂದು ವಸ್ತುವನ್ನೋ ಚಲನೆಯನ್ನೋ ಜೋಡಿಸಿ, ಕೆಲವೇ ವಾಕ್ಯಗಳಲ್ಲಿ, ಪ್ರತಿ ಸಲವೂ ಅದೇ ಕ್ರಮದಲ್ಲಿ ಹೇಳುವ ವಿಧಾನವೇ ಬಹು ಇಂದ್ರಿಯ ಕಥನ. ವಿಶೇಷ ಶಿಕ್ಷಕರು ಇದನ್ನು ಸೆನ್ಸರಿ ಸ್ಟೋರಿ ಎನ್ನುವುದೂ ಉಂಟು. ಮಾತು ಬಾರದ, ನೋಟವೋ ಶ್ರವಣವೋ ಮಂದವಾದ, ತಾನಾಗಿ ಕೂರಲಾಗದ, ಕೆಲವೊಮ್ಮೆ ಈ ಎಲ್ಲ ತೊಡಕುಗಳೂ ಒಟ್ಟಿಗೇ ಇರುವ ಮಕ್ಕಳಿಗಾಗಿ ಇದು ರೂಪುಗೊಂಡಿತು. ಈಗ ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಇರುವ ಮಕ್ಕಳೊಂದಿಗೂ ಬಳಕೆಯಲ್ಲಿದೆ.

ಬೀದರ್ ಜಿಲ್ಲೆಯ ಹುಮನಾಬಾದ ತಾಲ್ಲೂಕಿನ ದುಬಲಗುಂಡಿ ಮತ್ತು ಅದರ ಆಸುಪಾಸಿನಿಂದ ಬಸವಕಲ್ಯಾಣದವರೆಗಿನ ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಧಾನವನ್ನು ಇಲ್ಲಿ ವಿವರಿಸಿದೆ. ಇದಕ್ಕೆ ಬೇಕಾದ ಸಾಮಾನು ಅಲ್ಲಿನ ಅಡುಗೆಮನೆ, ಹೊಲ, ಕಣಗಳಲ್ಲೇ ಸಿಗುತ್ತದೆ. ಹೊರಗಿನಿಂದ ತರಬೇಕಾದದ್ದು ಹೇಳುವ ಶಿಸ್ತು ಮಾತ್ರ.

ಎಲ್ಲಿಂದ ಬಂತು

ಬ್ರಿಟನ್ನಿನ ಕ್ರಿಸ್ ಫುಲ್ಲರ್ 1993ರಲ್ಲಿ ಬ್ಯಾಗ್ ಬುಕ್ಸ್ ಎಂಬ ಸಂಸ್ಥೆ ಕಟ್ಟಿದರು. ಅವರ ಕಥೆಪುಸ್ತಕಕ್ಕೆ ಕಾಗದದ ಹಾಳೆಗಳಿಲ್ಲ. ಒಂದೊಂದು ಪುಟವೂ ಒಂದು ದಪ್ಪ ರಟ್ಟು, ಅದರ ಮೇಲೊಂದು ವಸ್ತು, ಅದಕ್ಕೆ ಹೇಳಬೇಕಾದ ಒಂದೆರಡು ಸಾಲು. ಸ್ಕಾಟ್ಲೆಂಡಿನ ಡಂಡೀಯಲ್ಲಿ ಲೊರೆಟೊ ಲ್ಯಾಂಬ್ ಮತ್ತು ಸಂಗಡಿಗರು ಪಾಮಿಸ್ ಎಂಬ ಸಂಸ್ಥೆಯ ಮೂಲಕ ಈ ಕೆಲಸವನ್ನು ಇನ್ನೊಂದು ದಿಕ್ಕಿಗೆ ಒಯ್ದರು. ಒಂದು ಮಗುವಿನ ಬದುಕನ್ನೇ ನೋಡಿ, ಆ ಮಗುವಿಗೆಂದೇ ಒಂದು ಕಥೆ ಕಟ್ಟುವುದು ಅವರ ದಾರಿ. ನಿಕೋಲಾ ಗ್ರೋವ್ ಮತ್ತು ಕೀತ್ ಪಾರ್ಕ್ ಇನ್ನೂ ಧೈರ್ಯ ಮಾಡಿದರು. 1996ರಲ್ಲಿ ಬಂದ ಅವರ ‘ಒಡಿಸ್ಸಿ ನೌ’ ಪುಸ್ತಕ ಗ್ರೀಕರ ಮಹಾಕಾವ್ಯವನ್ನೇ ತೀವ್ರ ಬೌದ್ಧಿಕ ಅಸಾಮರ್ಥ್ಯ ಇರುವವರ ಮುಂದೆ ತಂದಿತು. ಇಂಥವರಿಗೆ ಶಿಶುಪ್ರಾಸವೇ ಸಾಕೆಂಬ ನಂಬಿಕೆಯನ್ನು ಅದು ಮುರಿಯಿತು.

ಇವೆಲ್ಲಕ್ಕೂ ಹಿಂದೆ, 1960ರ ದಶಕದಲ್ಲಿ, ನೆದರ್ಲೆಂಡ್ಸ್‌ನ ಯಾನ್ ವಾನ್ ಡೈಕ್ ಕಣ್ಣೂ ಕಿವಿಯೂ ಇಲ್ಲದ ಮಕ್ಕಳೊಂದಿಗೆ ಕೆಲಸ ಮಾಡಿದ್ದರು. ಅವರಲ್ಲಿ ಹಲವರು ತಾಯಿಗೆ ಗರ್ಭಾವಸ್ಥೆಯಲ್ಲಿ ರುಬೆಲ್ಲಾ ಸೋಂಕು ತಗುಲಿ ಹಾಗೆ ಹುಟ್ಟಿದವರು. ಚಮಚ ಕೈಗಿಟ್ಟರೆ ಊಟ, ಟವೆಲ್ ಇಟ್ಟರೆ ಸ್ನಾನ ಎಂದು ವಸ್ತುವನ್ನೇ ಮಾತಾಗಿಸುವ ದಾರಿಯನ್ನು ಅಂಥ ಮಕ್ಕಳೊಂದಿಗಿನ ಕೆಲಸ ತೋರಿಸಿತು. ವಸ್ತುವಿನಿಂದ ಕಥೆ ಹೇಳುವ ವಿಧಾನದ ಬೇರು ಇಲ್ಲಿದೆ.

ಬಣ್ಣದ ದೀಪ, ನೀರಿನ ಗುಳ್ಳೆಯ ಕಂಬಗಳಿರುವ ಸೆನ್ಸರಿ ಕೋಣೆಯೂ ಡಚ್ಚರ ಕೊಡುಗೆಯೇ. ಆದರೆ ಅದು ಬೇರೆ, ಇದು ಬೇರೆ. ಆ ಕೋಣೆ ಕಟ್ಟಲು ಲಕ್ಷಗಟ್ಟಲೆ ಹಣ ಬೇಕು, ಅಲ್ಲಿ ಆದಿ ಅಂತ್ಯವಿರುವ ಕಥೆಯೂ ಇರಬೇಕಾಗಿಲ್ಲ. ಹುಮನಾಬಾದಿನಂಥ ಕಡೆ ಮೊದಲು ಬೇಕಾದದ್ದು ಕಥೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಅರ್ಥವಾಗದ ಮಗುವಿಗೆ ಕಥೆ ಏಕೆ

ಮನೆಯವರು ಮೊದಲು ಕೇಳುವುದು ಇದನ್ನೇ. ‘ಅದಕ್ಕ ಏನ್ ತಿಳೀತದ?’ ಎನ್ನುವುದರಲ್ಲಿ ಬೇಸರಕ್ಕಿಂತ ದಣಿವೇ ಹೆಚ್ಚು.

ತೀವ್ರ ಅಸಾಮರ್ಥ್ಯವಿರುವ ಮಗುವಿನ ದಿನ ಉಣಿಸುವುದು, ತೊಳೆಯುವುದು, ಬಟ್ಟೆ ಬದಲಿಸುವುದು, ಔಷಧಿ, ಕೈಕಾಲಿನ ವ್ಯಾಯಾಮ ಇಷ್ಟರಲ್ಲೇ ಕಳೆದುಹೋಗುತ್ತದೆ. ಮಗುವನ್ನು ಮುಟ್ಟುವ ಪ್ರತಿಯೊಂದು ಕೈಯೂ ಒಂದು ಕೆಲಸ ಮುಗಿಸಲೆಂದೇ ಮುಟ್ಟುತ್ತದೆ. ಕೆಲಸವಿಲ್ಲದೆ, ಸುಮ್ಮನೆ ಜೊತೆಯಲ್ಲಿರಲು ಯಾರಾದರೂ ಹತ್ತಿರ ಕೂತು ಮುಖ ನೋಡುವ ಹತ್ತು ನಿಮಿಷ ಸಿಗುವುದು ಅಪರೂಪ. ಕಥೆ ಆ ಹತ್ತು ನಿಮಿಷವನ್ನು ಕೊಡುತ್ತದೆ.

ಎರಡನೆಯ ಕಾರಣ ಕಲಿಕೆಗೆ ಸಂಬಂಧಿಸಿದ್ದು. ಒಂದೇ ಕಥೆಯನ್ನು ಒಂದೇ ಕ್ರಮದಲ್ಲಿ ವಾರಗಟ್ಟಲೆ ಹೇಳಿದಾಗ, ತಣ್ಣನೆಯ ಕಲ್ಲಿನ ನಂತರ ಮಣ್ಣು ಬರುತ್ತದೆಂದು ಮಗು ಕಾಯತೊಡಗುತ್ತದೆ. ಮುಂದೇನು ಎಂದು ಕಾಯುವುದರಲ್ಲಿ ನೆನಪಿದೆ, ಹಿಂದುಮುಂದಿನ ಅರಿವಿದೆ. ಮಾತು ಹುಟ್ಟುವ ಮುಂಚಿನ ನೆಲೆ ಅದು. ಎಲ್ಲ ಮಕ್ಕಳೂ ಪದಗಳ ಅರ್ಥ ತಿಳಿಯುವ ಮೊದಲೇ ಜೋಗುಳ ಕೇಳಿ ಬೆಳೆಯುತ್ತವೆ. ಅರ್ಥವಾದ ಮೇಲೆ ಹೇಳೋಣ ಎಂದು ಯಾವ ತಾಯಿಯೂ ಕಾದಿಲ್ಲ. ಅಸಾಮರ್ಥ್ಯವಿರುವ ಮಗುವಿಗೆ ಮಾತ್ರ ಆ ಷರತ್ತು ಹಾಕುವುದು ಅನ್ಯಾಯ.

ಕಥೆಯೊಂದನ್ನೂ ಹಾಡೊಂದನ್ನೂ ಬಲ್ಲ ಹೆಂಗಸು ಅವನ್ನು ಯಾರಿಗೂ ಹೇಳದೆ ಇಟ್ಟುಕೊಂಡು, ಅವು ಸಿಟ್ಟಿಗೆದ್ದ ಜನಪದ ಕಥೆಯೊಂದು ಕನ್ನಡದಲ್ಲಿದೆ. ಎ.ಕೆ. ರಾಮಾನುಜನ್ ಅದನ್ನು ಸಂಗ್ರಹಿಸಿದರು, ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲೂ ಅದು ಬಂದಿದೆ. ಕಥೆ ಬಲ್ಲ ಅಜ್ಜಿಯರು ಇವತ್ತೂ ನಮ್ಮ ಮನೆಗಳಲ್ಲಿದ್ದಾರೆ. ಹಾಸಿಗೆಯ ಮೇಲಿರುವ ಮೊಮ್ಮಗುವಿಗೆ ಹೇಳಬಹುದೆಂದು ಅವರಿಗೆ ಯಾರೂ ತಿಳಿಸಿಲ್ಲ.

ಇನ್ನೊಂದು ಅನುಕೂಲ ಗಡಿನಾಡಿನದು. ಹುಮನಾಬಾದ, ಬಸವಕಲ್ಯಾಣದ ಕಡೆ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ದಖ್ಖನಿ ಉರ್ದು, ತೆಲುಗು, ಲಂಬಾಣಿ ಮಾತು ಕೇಳಿಸುತ್ತವೆ. ಎಂಟೇ ವಾಕ್ಯದ ಕಥೆಯನ್ನು ಮಗುವಿನ ಮನೆಮಾತಿಗೆ ತಿರುಗಿಸಲು ಸಂಜೆಯೊಂದು ಸಾಕು. ಸಾಮಾನಿನ ಬುಟ್ಟಿ ಅದೇ ಇರುತ್ತದೆ.

ಇಂದ್ರಿಯಗಳು ಐದೇ ಅಲ್ಲ

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮದ ಜೊತೆಗೆ ಇನ್ನೆರಡು ಇಂದ್ರಿಯಗಳು ಈ ಕೆಲಸದಲ್ಲಿ ಮುಖ್ಯ. ಒಳಕಿವಿಯಲ್ಲಿರುವ ಸಮತೋಲದ ಅರಿವು ತೂಗಿದ್ದನ್ನು, ತಿರುಗಿದ್ದನ್ನು, ಬಂಡಿ ಕುಲುಕಿದ್ದನ್ನು ತಿಳಿಸುತ್ತದೆ. ಸ್ನಾಯು ಮತ್ತು ಕೀಲುಗಳ ಅರಿವು ಒತ್ತಡವನ್ನು, ಭಾರವನ್ನು, ಕೈಕಾಲು ಎಲ್ಲಿವೆ ಎಂಬುದನ್ನು ಹೇಳುತ್ತದೆ. ಅಮೆರಿಕದ ಜೀನ್ ಏರ್ಸ್ 1972ರ ತಮ್ಮ ಪುಸ್ತಕದಲ್ಲಿ ಇವೆರಡನ್ನೂ ಸ್ಪರ್ಶವನ್ನೂ ಕಲಿಕೆಯ ತಳಪಾಯವೆಂದು ವಾದಿಸಿದರು. ಹಸಿವು, ಬಾಯಾರಿಕೆ, ನೋವಿನಂಥ ಒಳಗಿನ ಅರಿವನ್ನು ಎಂಟನೆಯದಾಗಿ ಎಣಿಸುವವರಿದ್ದಾರೆ. ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀವುವ, ತೊಟ್ಟಿಲು ತೂಗುವ ನಮ್ಮ ಹೆಂಗಸರು ಈ ಇಂದ್ರಿಯಗಳನ್ನು ಬಲ್ಲರು.

ಕಥೆ ಕಟ್ಟುವ ಬಗೆ

ಆರರಿಂದ ಹತ್ತು ಹೆಜ್ಜೆಗಳ ಕಥೆ ಸಾಕು. ಪ್ರತಿ ಹೆಜ್ಜೆಗೂ ಒಂದೋ ಎರಡೋ ಚಿಕ್ಕ ವಾಕ್ಯ, ಒಂದೇ ಒಂದು ಅನುಭವ. ಗಂಟೆಯನ್ನೂ ದೀಪವನ್ನೂ ಒಟ್ಟಿಗೆ ತಂದರೆ ಯಾವುದಕ್ಕೆ ಮಗು ತಿರುಗಿತೆಂದು ಗೊತ್ತಾಗುವುದಿಲ್ಲ, ಮಗುವಿಗೂ ಗೊಂದಲ. ಶುರುವಿಗೊಂದು, ಮುಕ್ತಾಯಕ್ಕೊಂದು ಗುರುತು ಬೇಕು. ಗೆಜ್ಜೆಯ ಸದ್ದಾದರೂ ಆದೀತು.

ವಾಕ್ಯಗಳನ್ನು ಬರೆದಿಟ್ಟುಕೊಳ್ಳಬೇಕು. ಒಳ್ಳೆಯ ಕಥೆಗಾರರಿಗೆ ಇದು ಕಷ್ಟ. ಅವರಿಗೆ ಪ್ರತಿ ಸಲ ಹೊಸದೇನಾದರೂ ಸೇರಿಸುವ ಹುಮ್ಮಸ್ಸಿರುತ್ತದೆ. ಇಲ್ಲಿ ಅದನ್ನು ತಡೆಯಬೇಕು. ಇವತ್ತು ಅಜ್ಜಿ, ನಾಳೆ ಅಕ್ಕ ಹೇಳಿದರೂ ಅದೇ ಮಾತು, ಅದೇ ವಸ್ತು, ಅದೇ ಕ್ರಮ ಇರಬೇಕು. ಮೊದಲ ಕೆಲವು ಸಲ ಏನೂ ಆಗಿಲ್ಲವೆಂದು ಅನ್ನಿಸುತ್ತದೆ. ಅಲ್ಲಿಗೆ ಕೈಬಿಡುವವರೇ ಹೆಚ್ಚು. ದಿನಕ್ಕೊಮ್ಮೆಯಂತೆ ಒಂದೆರಡು ತಿಂಗಳು ಹೇಳಿದ ಮೇಲಷ್ಟೇ ಈ ಕಥೆ ಫಲಿಸಿತೋ ಇಲ್ಲವೋ ಎಂದು ತೀರ್ಮಾನಿಸಬೇಕು.

ಎಲ್ಲಕ್ಕಿಂತ ದೊಡ್ಡ ನಿಯಮ ಕಾಯುವುದು. ವಸ್ತುವನ್ನು ಮುಂದಿಟ್ಟು ಸುಮ್ಮನಿರಬೇಕು. ಮನಸ್ಸಿನಲ್ಲೇ ಹದಿನೈದರವರೆಗೆ ಎಣಿಸಬೇಕು. ಗ್ರಹಿಸಿ ಪ್ರತಿಕ್ರಿಯಿಸಲು ಕೆಲವು ಮಕ್ಕಳಿಗೆ ಅಷ್ಟು ಹೊತ್ತು ಹಿಡಿಯುತ್ತದೆ. ಆ ನಡುವೆ ‘ನೋಡು, ಹಿಡಿ, ಹಿಡಿ’ ಎಂದು ಹೇಳುತ್ತ ಹೋದರೆ ಪ್ರತಿ ಮಾತೂ ಮಗುವಿನ ಕೆಲಸವನ್ನು ಮೊದಲಿನಿಂದ ಶುರುಮಾಡಿಸುತ್ತದೆ.

ಕೌದಿಯ ಮೇಲೆ ಕಾಗಿ, ಗುಬ್ಬಿ

ಕಾಗೆ ಗುಬ್ಬಿಯರ ಮನೆಯ ಕಥೆ ಕನ್ನಡ, ಮರಾಠಿ ಎರಡೂ ಮನೆಗಳಲ್ಲಿ ಇದೆ. ಮಳೆಗೆ ಕಾಗೆಯ ಮನೆ ಕರಗುತ್ತದೆ, ಅದು ಬಂದು ಗುಬ್ಬಿಯ ಬಾಗಿಲು ಬಡಿಯುತ್ತದೆ. ಇಂದ್ರಿಯಗಳ ಕಥೆಗೆ ಇದಕ್ಕಿಂತ ತಯಾರಾದ ಕಥೆ ಸಿಗದು. ಹಲವು ಕಡೆ ಹೇಳುವ ರೂಪದಲ್ಲಿ ಕೊನೆಗೆ ಕಾಗೆಗೆ ಕೇಡಾಗುತ್ತದೆ. ಇಲ್ಲಿ ಅದನ್ನು ಬಿಟ್ಟಿದೆ. ಕಾಗೆಯ ಮನೆ ಸಗಣಿಯದು ಎನ್ನುವುದುಂಟು. ಕೈ ಬಾಯಿಗೆ ಹಾಕುವ ಮಕ್ಕಳಿರುವುದರಿಂದ ಶುದ್ಧವಾದ ಮಣ್ಣು ಸಾಕು.

ಕೌದಿ ಹಾಸಿ, ಮಗುವನ್ನು ಒರಗಿಸಿ ಕೂರಿಸಿ, ಗೆಜ್ಜೆಯನ್ನು ಒಮ್ಮೆ ಅಲ್ಲಾಡಿಸಿ. ‘ಗುಬ್ಬಿ ಮನಿ ಕಲ್ಲಿಂದು.’ ತಂಬಿಗೆಯ ನೀರಿನಲ್ಲಿ ತಣ್ಣಗೆ ಮಾಡಿದ, ಅಂಗೈ ಅಗಲದ ನುಣುಪಾದ ಕಲ್ಲು ಕೈಗೆ ಬರುತ್ತದೆ. ‘ಕಾಗಿ ಮನಿ ಮಣ್ಣಿಂದು.’ ಹೊಲದ ಒಣ ಹೆಂಟೆ. ಬೀದರಿನ ಕಡೆ ಕೆಂಪು ಮಣ್ಣೂ ಕರಿ ಮಣ್ಣೂ ಸಿಗುತ್ತವೆ, ನಿಮ್ಮ ಹೊಲದ್ದು ಯಾವುದೋ ಅದೇ ಇರಲಿ. ‘ಗಾಳಿ ಬಂತು.’ ಬೀಸಣಿಗೆ ಎರಡು ಸಲ, ಮೊದಲು ಕೈಗೆ, ಆಮೇಲೆ ಮುಖಕ್ಕೆ. ‘ಮಳಿ ಬಂತು.’ ಮೊರದಲ್ಲಿ ಹಿಡಿ ಜೋಳ ಹಾಕಿ ಆಚೀಚೆ ಓಲಾಡಿಸಿದರೆ ತಗಡಿನ ಮೇಲಿನ ಮಳೆಯದೇ ಸದ್ದು.

ಮುಂದಿನದು ಈ ಕಥೆಯ ತಿರುಳು. ‘ಕಾಗಿ ಮನಿ ಕರಗಿ ಹೋತು.’ ಅದೇ ಹೆಂಟೆಯ ಮೇಲೆ, ಮಗುವಿನ ಕೈಯಲ್ಲಿರುವಾಗಲೇ, ನೀರು ಹನಿಸಬೇಕು. ಗಟ್ಟಿ ಇದ್ದದ್ದು ಮೆತ್ತಗಾಗಿ ಬೆರಳ ಸಂದಿಯಿಂದ ಇಳಿಯುತ್ತದೆ. ಮೊದಲ ಮಳೆಯ ವಾಸನೆಯೂ ತಾನಾಗಿ ಏಳುತ್ತದೆ. ಮನೆ ಹೋಯಿತೆಂಬುದನ್ನು ಮಗು ಕೈಯಿಂದಲೇ ತಿಳಿಯುತ್ತದೆ. ಇದನ್ನು ಯಾವ ಚಿತ್ರಪುಸ್ತಕವೂ ತೋರಿಸಲಾರದು.

‘ಕಾಗಿ ಬಾಗಲ ಬಡೀತು.’ ಹಲಗೆಯ ಮೇಲೆ ಮಗುವಿನ ಪಾದವನ್ನೋ ಅಂಗೈಯನ್ನೋ ಇರಿಸಿ ಕೆಳಗಿನಿಂದ ಮೂರು ಸಲ ತಟ್ಟಿ ನಿಲ್ಲಿಸಬೇಕು. ಕಿವಿ ಕೇಳದ ಮಗುವಿಗೂ ಕಂಪನ ಮುಟ್ಟುತ್ತದೆ. ಇಲ್ಲಿ ಮಗುವಿನ ಸರದಿ. ಉಸಿರು, ಸದ್ದು, ಕಾಲಿನ ಅಲುಗಾಟ ಏನು ಬಂದರೂ ಅದೇ ಉತ್ತರ, ಆಗ ಬಾಗಿಲು ತೆರೆಯುತ್ತದೆ. ‘ಗುಬ್ಬಿ ಬಾಗಲ ತಗೀತು.’ ಮುಂದೆ ಹಿಡಿದ ಸೀರೆಯನ್ನು ಮೆಲ್ಲಗೆ ಸರಿಸಿದಾಗ ಹೇಳುವವರ ಮುಖ ಕಾಣುತ್ತದೆ. ‘ಇಬ್ರೂ ಬೆಚ್ಚಗ ಮಲಗ್ಯಾರ.’ ಕೌದಿಯನ್ನು ಮೈಗೆ ಬಿಗಿಯಾಗಿ ಸುತ್ತಿ ತೂಗುವುದು. ಗೆಜ್ಜೆ ಒಮ್ಮೆ, ‘ಕಥಿ ಮುಗೀತು.’

ಎಳ್ಳ ಅಮಾವಾಸ್ಯೆಯ ಕಥೆ

ನಡೆದದ್ದನ್ನೇ ಕಥೆ ಮಾಡುವುದು ಇನ್ನೊಂದು ದಾರಿ. ಬೀದರ, ಕಲಬುರಗಿ ಸೀಮೆಗೆ ಎಳ್ಳ ಅಮಾವಾಸ್ಯೆ ದೊಡ್ಡ ಹಬ್ಬ. ಡಿಸೆಂಬರ್ ಜನವರಿಯ ಚಳಿಯಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ದಂಟಿನ ಕೊಂಪೆಯಲ್ಲಿ ಪಾಂಡವರೆಂದು ಐದು ಕಲ್ಲಿಟ್ಟು ಪೂಜಿಸಿ, ಚರಗ ಚೆಲ್ಲಿ ಉಣ್ಣುತ್ತಾರೆ. ನಡೆಯಲಾಗದ ಮಗು ಅಂದು ಮನೆಯಲ್ಲೇ ಉಳಿಯುವುದುಂಟು. ಅದನ್ನೂ ಕರೆದೊಯ್ಯಬೇಕು. ಆಮೇಲೆ ತಿಂಗಳುಗಟ್ಟಲೆ ಆ ದಿನವನ್ನು ಮನೆಯಲ್ಲಿ ಹೇಳಬಹುದು. ಮುತ್ಯಾನ ಮಡಿಲಲ್ಲಿ ಬಂಡಿಯ ಕುಲುಕಾಟ, ಎತ್ತಿನ ಕೊರಳ ಗಂಟೆ, ಒಣದಂಟಿನ ಸರಸರ, ಹುಣಸೆಹುಳಿ ಹಾಕಿ ಬೇಯಿಸಿದ ಭಜ್ಜಿಯ ವಾಸನೆ, ತುಟಿಗೆ ಸೋಕಿಸಿದ ಒಂದು ಹನಿ ಅಂಬಲಿ. ಇದು ಊರಿನವರೆಲ್ಲರ ನೆನಪು. ಅದರಲ್ಲಿ ಈ ಮಗುವಿಗೂ ಪಾಲು ಸಿಗುತ್ತದೆ.

ಆಸ್ಪತ್ರೆಗೆ, ಶಿಬಿರಕ್ಕೆ ಮುಂಚಿನ ಕಥೆ

ಪಾಮಿಸ್ ಸಂಸ್ಥೆ ಮೈನೆರೆಯುವುದು, ಆಸ್ಪತ್ರೆ, ಅಗಲಿಕೆಯಂಥ ಕಷ್ಟದ ಸಂಗತಿಗಳಿಗೂ ಕಥೆ ಕಟ್ಟಿದೆ. ನಮ್ಮಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ತಾಲ್ಲೂಕಿನಲ್ಲಿ ನಡೆಯುವ ವೈದ್ಯಕೀಯ ತಪಾಸಣಾ ಶಿಬಿರದ ಗದ್ದಲದಲ್ಲಿ ಮಗು ಚೀರುವುದು ಹಟದಿಂದಲ್ಲ, ಮುಂದೇನೆಂದು ಗೊತ್ತಿಲ್ಲದ ಭಯದಿಂದ. ಬಸ್ಸಿನ ಸೀಟಿನ ರೆಕ್ಸಿನ್, ಡೆಟಾಲ್ ವಾಸನೆ, ಎದೆಗೆ ತಾಗುವ ತಣ್ಣನೆಯ ತಟ್ಟೆ, ಮನೆಗೆ ಬಂದು ಕೌದಿ ಎಂದು ಎರಡು ವಾರ ಮುಂಚೆಯೇ ಹೇಳುತ್ತ ಬಂದರೆ ಆ ದಿನ ಅಪರಿಚಿತವಾಗಿರುವುದಿಲ್ಲ. ಹೆಣ್ಣುಮಗುವಿಗೆ ಮುಟ್ಟಿನ ಕಥೆಯನ್ನು ತಾಯಿಯೋ ಅಕ್ಕನೋ, ಬಾಗಿಲು ಮುಚ್ಚಿ, ಬಳಸುವ ಬಟ್ಟೆ ಅಥವಾ ಪ್ಯಾಡನ್ನೇ ಕೈಗಿಟ್ಟು ಹೇಳಬೇಕು. ಆಗುವ ಮೊದಲೇ ಹೇಳಬೇಕು.

ಮಗುವಿನ ಉತ್ತರ

ಚಪ್ಪಾಳೆ, ನಗು ಮಾತ್ರ ಪ್ರತಿಕ್ರಿಯೆಯಲ್ಲ. ಕೈಕಾಲು ಆಡಿಸುತ್ತಿದ್ದ ಮಗು ಥಟ್ಟನೆ ಸುಮ್ಮನಾಗುವುದು ಅತ್ಯಂತ ಸಾಮಾನ್ಯವಾದ, ಅತ್ಯಂತ ತಪ್ಪಾಗಿ ತಿಳಿಯಲಾಗುವ ಉತ್ತರ. ಮಗು ಕೇಳುತ್ತಿದೆ ಎಂದು ಅದರ ಅರ್ಥವಿರಬಹುದು. ಉಸಿರು ಬಿಗಿಹಿಡಿಯುವುದು, ರೆಪ್ಪೆ ಬಡಿತ, ತುಟಿಯ ಚಲನೆ, ಕಾಲ್ಬೆರಳು ಬಿಚ್ಚುವುದು, ವಸ್ತು ಬರುವ ಮುನ್ನವೇ ಅತ್ತ ಹೊರಳುವುದು ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ಬರೆದಿಡಬೇಕು. ಮೊದಲ ವಾರದ ಪುಟವನ್ನೂ ಎಂಟನೇ ವಾರದ ಪುಟವನ್ನೂ ಪಕ್ಕದಲ್ಲಿಟ್ಟರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಮುಖ ತಿರುಗಿಸುವುದೂ ಉತ್ತರವೇ. ಬೇಡವೆಂದರೆ ಆ ಹೆಜ್ಜೆಯನ್ನು ಅಲ್ಲಿಗೇ ಬಿಡಬೇಕು. ಬೇಡ ಎಂದದ್ದಕ್ಕೆ ಬೆಲೆ ಸಿಕ್ಕ ಮಗು ಬೇಕು ಎನ್ನಲೂ ಕಲಿಯುತ್ತದೆ.

ಮಗುವಿಗೆ ತಕ್ಕ ಬದಲಾವಣೆ

ಆಟಿಸಂ ಇರುವ ಮಗುವಿಗೆ ಒಂದು ಸದ್ದು ಅಥವಾ ಸ್ಪರ್ಶ ಸಹಿಸಲಾರದಷ್ಟು ತೀಕ್ಷ್ಣವಾಗಿರಬಹುದು, ಇನ್ನೊಂದು ಅರಿವಿಗೇ ಬಾರದಿರಬಹುದು. 2013ರಲ್ಲಿ ಪರಿಷ್ಕೃತವಾದ ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಇದನ್ನು ಆಟಿಸಂ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಅಂಥ ಮಗುವಿಗೆ ಹಸಿಮಣ್ಣು ಹಿಂಸೆಯಾದರೆ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿನಿಂದ ಅದುಮಲು ಕೊಡಬಹುದು. ಬುಟ್ಟಿಯಲ್ಲಿ ಏನೇನಿದೆ ಎಂದು ಮೊದಲೇ ತೋರಿಸಿಬಿಡಬೇಕು.

ಸೆರೆಬ್ರಲ್ ಪಾಲ್ಸಿ ಇರುವ ಅನೇಕ ಮಕ್ಕಳಲ್ಲಿ ಕಣ್ಣು ಚೆನ್ನಾಗಿದ್ದರೂ ಮಿದುಳು ಕಂಡದ್ದನ್ನು ಗ್ರಹಿಸಲು ಕಷ್ಟಪಡುತ್ತದೆ. ಕಪ್ಪು ಕಂಬಳಿಯನ್ನು ಹಿಂದೆ ಹಿಡಿದು, ಅದರ ಮುಂದೆ ಹಳದಿ ಅಥವಾ ಕೆಂಪು ಬಣ್ಣದ ಒಂದೇ ವಸ್ತುವನ್ನು ನಿಧಾನವಾಗಿ ಅಲ್ಲಾಡಿಸಿದರೆ ಅವರು ನೋಡುವ ಸಾಧ್ಯತೆ ಹೆಚ್ಚು. ಕುತ್ತಿಗೆ, ಸೊಂಟಕ್ಕೆ ಆಸರೆಯಿರಲೇಬೇಕು. ತಲೆ ನಿಲ್ಲಿಸಲೆಂದೇ ಶಕ್ತಿ ವ್ಯಯವಾದರೆ ಕೇಳಲು ಏನೂ ಉಳಿಯುವುದಿಲ್ಲ.

ಕಣ್ಣು ಕಾಣದ ಮಗುವಿನ ಕೈಯನ್ನು ಹಿಡಿದು ವಸ್ತುವಿನ ಮೇಲೆ ಒತ್ತಬಾರದು. ನಮ್ಮ ಕೈಯನ್ನು ಅದರ ಕೈಯ ಕೆಳಗಿಟ್ಟು ಮೊದಲು ನಾವು ಮುಟ್ಟಬೇಕು. ಮಗು ನಮ್ಮ ಬೆರಳುಗಳ ಮೇಲಿಂದ ಜಾರಿ ತಾನಾಗಿ ವಸ್ತುವನ್ನು ತಲುಪಲಿ. ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರದಲ್ಲಿ ಅಂಧ ಮಕ್ಕಳ ಶಾಲೆಯಿದೆ. ಬೆರಳಿನಿಂದ ಲೋಕ ಓದುವುದನ್ನು ಆ ಊರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಎಚ್ಚರಿಕೆಗಳು

ನುಂಗಲು ತೊಂದರೆಯಿರುವ ಮಗುವಿನ ಬಾಯಿಗೆ ಸ್ಪೀಚ್ ಥೆರಪಿಸ್ಟ್ ಅಥವಾ ವೈದ್ಯರನ್ನು ಕೇಳದೆ ಏನನ್ನೂ ಹಾಕಬಾರದು. ಸಂದೇಹವಿದ್ದರೆ ಅಂಬಲಿಯ ಹನಿಯೂ ಬೇಡ, ಮೂಸಲು ಕೊಟ್ಟರೆ ಸಾಕು. ಶೇಂಗಾ, ಕಡಲೆ, ಗುಂಡಿ, ಬಿಡಿ ಗೆಜ್ಜೆ ಕೈಗೆ ಸಿಗಬಾರದು. ಮೂರ್ಛೆರೋಗವಿದ್ದರೆ ಮಿಣುಕುವ ದೀಪ ತರಲೇಬಾರದು. ಉಬ್ಬಸವಿದ್ದರೆ ಊದುಬತ್ತಿ, ಮೆಣಸಿನ ಘಾಟು ಬೇಡ. ವಾಸನೆ ಕೋಣೆಯಲ್ಲಿ ಉಳಿಯುವುದರಿಂದ ಒಂದು ಕಥೆಗೆ ಒಂದೆರಡಕ್ಕಿಂತ ಹೆಚ್ಚು ಬಳಸಬಾರದು. ಮಣ್ಣನ್ನು ಜರಡಿ ಹಿಡಿದು ಬಿಸಿಲಿಗೆ ಒಣಗಿಸಿ, ನೀರು ಹಾಕಿ ಹೆಂಟೆ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಕಥೆ ಮುಗಿದ ಮೇಲೆ ಕೈ ತೊಳೆಯಬೇಕು.

ಹಕ್ಕು ಮತ್ತು ಹೊಣೆ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವೈಕಲ್ಯವಿರುವವರು ಸುಮಾರು 13.24 ಲಕ್ಷ. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ಅದರ 31ನೇ ವಿಧಿ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಶಾಲೆಗೆ ಹೋಗಲಾಗದ ತೀವ್ರ ಮತ್ತು ಬಹು ವೈಕಲ್ಯದ ಮಗು ಮನೆಯಲ್ಲೇ ಕಲಿಯುವುದನ್ನು ಆಯ್ದುಕೊಳ್ಳಬಹುದೆಂದು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಕರ್ನಾಟಕದಲ್ಲಿ ಸಮಗ್ರ ಶಿಕ್ಷಣದಡಿ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರು ಈ ಗೃಹಾಧಾರಿತ ಶಿಕ್ಷಣದ ಹೊಣೆ ಹೊತ್ತಿದ್ದಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ.

ತರಬೇತಿಗೆ ದೂರ ಹೋಗಬೇಕಾಗಿಲ್ಲ. 1984ರಲ್ಲಿ ಸ್ಥಾಪನೆಯಾದ ಬೌದ್ಧಿಕ ವಿಕಲಚೇತನರ ರಾಷ್ಟ್ರೀಯ ಸಂಸ್ಥೆ ಸಿಕಂದರಾಬಾದಿನಲ್ಲಿದೆ. ಹುಮನಾಬಾದಿಗೆ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಮಾತು ಮತ್ತು ಶ್ರವಣದ ವಿಷಯಕ್ಕೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಕಾನೂನಿನ ಈ ಅವಕಾಶ 18 ವರ್ಷಕ್ಕೆ ಮುಗಿಯುತ್ತದೆ. ಮನೆಗೆ ಬರುವ ಶಿಕ್ಷಕರ ಭೇಟಿಯೂ ವಾರದ ಕೆಲವೇ ಗಂಟೆ. ಆದ್ದರಿಂದ ದುಬಲಗುಂಡಿ, ಹಳ್ಳಿಖೇಡ, ಚಿಟಗುಪ್ಪ, ಬಸವಕಲ್ಯಾಣದ ಕಡೆ ಮನೆಮನೆಗೆ ಹೋಗುವ ಶಿಕ್ಷಕರು ಮತ್ತು ಕಾರ್ಯಕರ್ತರಲ್ಲಿ ಒಂದು ಕೋರಿಕೆ: ಮುಂದಿನ ಭೇಟಿಗೆ ಹೋಗುವಾಗ ಎಂಟು ವಾಕ್ಯದ ಒಂದು ಕಥೆಯನ್ನೂ ಅದರ ಬುಟ್ಟಿಯನ್ನೂ ಒಯ್ಯಿರಿ. ನೀವೇ ಹೇಳಿ ಬರಬೇಡಿ, ಮನೆಯ ಅಜ್ಜಿಯಿಂದಲೋ ಅಕ್ಕನಿಂದಲೋ ಹೇಳಿಸಿ, ಬುಟ್ಟಿಯನ್ನು ಅಲ್ಲೇ ಬಿಟ್ಟು ಬನ್ನಿ.